ಮಂಗಳ ಹಾಡುವವರು ಯಾರು?

ಕಚೇರಿಯ ಕೊನೆಗೆ ಮಂಗಳ ಹಾಡುವುದು ನಮ್ಮ ಸಂಪ್ರದಾಯ. ರಾಗ, ತಾನ, ಪಲ್ಲವಿ ಮುಗಿದು, ದೇವರನಾಮ ತಿಲ್ಲಾನಗಳೂ ಆದ ಮೇಲೆ ವಿದ್ವಾಂಸರು ಸೌರಾಷ್ಟ್ರದಲ್ಲಿ ಮಂಗಳವನ್ನು ಎತ್ತಿಕೊಳ್ಳುತ್ತಾರೆ. ಅಲ್ಲಿಯವರೆಗೆ ಸಂದ ದೋಷಗಳಿಗೆಲ್ಲ ಪರಿಹಾರವೆಂದು ಮಧ್ಯಮಾವತಿಯ ಎರಡು ಸಂಚಾರಗಳನ್ನೂ ಸೇರಿಸುವುದುಂಟು. ಹರಿಕಥೆಯವರಿಗೂ ಮಂಗಳವುಂಟು. ಇರುಳೆಲ್ಲ ಕುಣಿದ ಯಕ್ಷಗಾನದ ಮೇಳ ಬೆಳಕು ಹರಿಯುವ ಹೊತ್ತಿಗೆ ಮಂಗಳ ಹಾಡಿಯೇ ಗೆಜ್ಜೆ ಬಿಚ್ಚುತ್ತದೆ. ಹಿಂದುಸ್ತಾನಿಯವರು ಈ ಕೆಲಸವನ್ನು ಭೈರವಿಗೆ ಒಪ್ಪಿಸಿದ್ದಾರೆ.

ಮಂಗಳಕ್ಕೆ ಎರಡು ಅರ್ಥಗಳಿವೆ ಎಂದು ನನಗೆ ತೋರುತ್ತದೆ. ಹಾಡಿದವರಿಗೂ ಕೇಳಿದವರಿಗೂ ಶುಭವಾಗಲಿ ಎಂಬುದು ಎಲ್ಲರೂ ಬಲ್ಲ ಅರ್ಥ. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಎಲ್ಲರಿಗೂ ತಿಳಿಯುತ್ತದೆ: ಆಯಿತು, ಇನ್ನು ನೀವು ಏಳಬಹುದು. ಕೂಡಿಸಿದವರು ಕಳಿಸಿಕೊಡುವ ಮರ್ಯಾದೆ ಇದು. ಊಟಕ್ಕೆ ಕರೆದವರು ಕೊನೆಗೆ ಮಜ್ಜಿಗೆ ಬಡಿಸುತ್ತಾರಲ್ಲವೆ? ಮಜ್ಜಿಗೆ ಬಂತೆಂದರೆ ಊಟ ಮುಗಿಯಿತೆಂದು ಅರ್ಥ. ಯಾರೂ ಅದನ್ನು ಅವಮಾನವೆಂದು ತಿಳಿಯುವುದಿಲ್ಲ.

ಈಚೆಗೆ ನಮ್ಮ ಮನೆಗಳಿಗೆ ಬಂದಿರುವ ಒಂದು ಯಂತ್ರಕ್ಕೆ ಈ ಎರಡನೆಯ ಮಾತು ಬರುವುದಿಲ್ಲ. ಅದರ ಹೆಸರು ಸ್ಟ್ರೀಮರ್. ಎಲ್ಲಕ್ಕೂ ಕನ್ನಡ ಹೆಸರಿಡಬೇಕೆಂಬ ಮೇಷ್ಟರ ಚಾಳಿಗೆ ಬಿದ್ದು ‘ನಾದವಾಹಿನಿ’ ಎಂದು ಕರೆದು ನೋಡಿದೆ; ಮನೆಯಲ್ಲಿ ಯಾರೂ ಒಪ್ಪಲಿಲ್ಲ. ಮನೆಯ ವೈಫೈಗೆ ಸೇರಿಸಿದರೆ ಈ ಪೆಟ್ಟಿಗೆ ಎಲ್ಲಿಯದೋ ಭಂಡಾರದಲ್ಲಿ ಅಂಕಿಗಳ ರೂಪದಲ್ಲಿರುವ ಸಂಗೀತವನ್ನು ತರಿಸಿಕೊಳ್ಳುತ್ತದೆ. ಸಿ.ಡಿ.ಯ ಮಟ್ಟದ ಧ್ವನಿಯೆಂದರೆ ಎಡಕ್ಕೂ ಬಲಕ್ಕೂ ಬೇರೆಬೇರೆಯಾಗಿ ಸೆಕೆಂಡಿಗೆ 44,100 ಅಳತೆಗಳು. ಈ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಗಳನ್ನಾಗಿಸಿ ಎರಡು ತಂತಿಗಳಲ್ಲಿ ಅದು ಹೊರಕ್ಕೆ ಕಳಿಸುತ್ತದೆ.

ಆ ತಂತಿಗಳು ಹೋಗಿ ಸೇರುವುದು ಪ್ರೀ ಆಂಪ್ಲಿಫೈಯರ್ ಎಂಬ ಇನ್ನೊಂದು ಪೆಟ್ಟಿಗೆಯನ್ನು. ಅದರ ಬೆನ್ನಿನಲ್ಲಿ ನಾಲ್ಕೈದು ಜೊತೆ ಕಿಂಡಿಗಳಿರುತ್ತವೆ: ಸ್ಟ್ರೀಮರಿಗೊಂದು, ರೇಡಿಯೋಕ್ಕೊಂದು, ಸಿ.ಡಿ.ಗೊಂದು, ಕೆಲವದರಲ್ಲಿ ಹಳೆಯ ತಟ್ಟೆಗಳಿಗೂ ಒಂದು. ಮುಂಭಾಗದಲ್ಲಿ ಮುಖ್ಯವಾಗಿ ಎರಡೇ ತಿರುಪುಗಳು. ಯಾವುದನ್ನು ಕೇಳುವುದು ಎಂಬುದು ಒಂದು. ಎಷ್ಟು ಕೇಳುವುದು ಎಂಬುದು ಮತ್ತೊಂದು. ಅಲ್ಲಿಂದ ಹೊರಟದ್ದಕ್ಕೆ ಪವರ್ ಆಂಪ್ಲಿಫೈಯರ್ ಬಲ ಕೂಡಿಸಿ ಸ್ಪೀಕರುಗಳಿಗೆ ಕೊಡುತ್ತದೆ.

ಜೋಡಿಸುವುದರಲ್ಲಿಯೂ ಒಂದು ಶಿಸ್ತುಂಟು. ಸ್ಟ್ರೀಮರಿನ ತಂತಿಯನ್ನು ತಟ್ಟೆಯ ಕಿಂಡಿಗೆ ಚುಚ್ಚಕೂಡದು. ಗ್ರಾಮಫೋನಿನ ಮುಳ್ಳು ಕೊಡುವ ಬಹು ಸಣ್ಣ ದನಿಯನ್ನು ನೂರಾರು ಪಟ್ಟು ಹಿಗ್ಗಿಸಲೆಂದು ಮಾಡಿದ ಕಿಂಡಿ ಅದು. ಅಲ್ಲಿಗೆ ಸ್ಟ್ರೀಮರನ್ನು ಬಿಟ್ಟರೆ ಸಂಗೀತ ಗರ್ಜನೆಯಾಗುತ್ತದೆ. ಪವರ್ ಆಂಪ್ಲಿಫೈಯರನ್ನು ಎಲ್ಲಕ್ಕಿಂತ ಕೊನೆಗೆ ಹಚ್ಚಿ ಎಲ್ಲಕ್ಕಿಂತ ಮೊದಲು ಆರಿಸಬೇಕು. ಇಲ್ಲವಾದರೆ ಇತರ ಪೆಟ್ಟಿಗೆಗಳು ಏಳುವಾಗ ಬೀಳುವಾಗ ಮಾಡುವ ಸಣ್ಣ ಸದ್ದುಗಳು ಗುದ್ದಾಗಿ ಸ್ಪೀಕರಿಗೆ ಬಡಿಯುತ್ತವೆ. ಧ್ವನಿಯ ಪ್ರಮಾಣವನ್ನು ಸ್ಟ್ರೀಮರಿನಲ್ಲಿಯೂ ಏರಿಳಿಸಬಹುದು, ಪ್ರೀ ಆಂಪ್ಲಿಫೈಯರಿನಲ್ಲಿಯೂ ಏರಿಳಿಸಬಹುದು. ಬಲ್ಲವರು ಸ್ಟ್ರೀಮರನ್ನು ಪೂರ್ತಿ ಬಿಟ್ಟು ಏರಿಳಿಕೆಯನ್ನು ಎರಡನೆಯದಕ್ಕೇ ವಹಿಸುತ್ತಾರೆ. ಒಂದು ಮನೆಗೆ ಇಬ್ಬರು ಯಜಮಾನರಿದ್ದರೆ ಯಾರ ಮಾತು ನಡೆಯುತ್ತಿದೆಯೆಂದು ಯಾರಿಗೂ ತಿಳಿಯುವುದಿಲ್ಲವಷ್ಟೆ.

ಜೆ.ಪಿ. ನಗರದ ನಮ್ಮ ಬಾಡಿಗೆ ಮನೆಗೆ ಈ ಪೆಟ್ಟಿಗೆಗಳು ಬಂದದ್ದು ನನ್ನ ತಾಯಿಯ ಸಲುವಾಗಿ. ಅವರಿಗೆ ಎಪ್ಪತ್ತೆಂಟು ವರ್ಷ. ಕೆ.ಆರ್. ರಸ್ತೆಯ ಗಾಯನ ಸಮಾಜಕ್ಕೂ, ರಾಮನವಮಿಯ ದಿನಗಳಲ್ಲಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನಕ್ಕೂ ತಪ್ಪದೆ ಹೋಗುತ್ತಿದ್ದವರು ಮೊಳಕಾಲಿನ ನೋವಿನಿಂದ ಈಗ ಮೆಟ್ಟಿಲಿಳಿಯುವುದನ್ನೇ ಬಿಟ್ಟಿದ್ದಾರೆ. ಮೊದಲ ಸಂಜೆ ಒಂದು ಹಳೆಯ ಕಚೇರಿಯನ್ನು ಆದಿಯಿಂದ ಅಂತ್ಯದವರೆಗೆ ಹಾಕಿಕೊಟ್ಟೆ. ಎರಡೂವರೆ ಗಂಟೆ ಅಲ್ಲಾಡದೆ ಕುಳಿತು ಕೇಳಿದರು. ಮಂಗಳವಾಯಿತು. ಕೈಮುಗಿದು, ಕನ್ನಡಕವನ್ನು ಗೂಡಿಗಿಟ್ಟು, ಕುರ್ಚಿಯ ತೋಳನ್ನು ಹಿಡಿದು ಏಳಲು ಹೊರಟರು. ಅಷ್ಟರಲ್ಲಿ ಯಂತ್ರ ತಾನಾಗಿಯೇ ಇನ್ನಾರದೋ ವರ್ಣವನ್ನು ಆರಂಭಿಸಿತು. ಅಮ್ಮ ಅರ್ಧ ಎದ್ದವರು ಹಾಗೆಯೇ ನಿಂತು, “ಮಂಗಳ ಆಯ್ತಲ್ಲೋ. ಇವರು ಹಾಡ್ತಾನೇ ಇದ್ರೆ ಕೂತೋರು ಏಳೋದು ಹೇಗೆ?” ಎಂದರು.

ಹಾಡುತ್ತಿರುವವರನ್ನು ಬಿಟ್ಟು ಎದ್ದುಹೋಗುವುದು ಅವರ ಪಾಲಿಗೆ ಅಸಭ್ಯತೆ. ಹಾಡುತ್ತಿರುವವರು ಅಲ್ಲಿಲ್ಲ ಎಂದು ಅವರಿಗೆ ಗೊತ್ತು. ಆದರೂ ಅಭ್ಯಾಸ ಬಿಡಬೇಕಲ್ಲ. ಒಂದು ಮುಗಿದೊಡನೆ ಇನ್ನೊಂದನ್ನು ತಾನೇ ಹುಡುಕಿ ನುಡಿಸುವ ಏರ್ಪಾಡನ್ನು ತೆಗೆದುಹಾಕಲು ನನಗೆ ಅರ್ಧ ನಿಮಿಷ ಹಿಡಿಯಿತು. ಅವರ ಪ್ರಶ್ನೆ ಮಾತ್ರ ಅಷ್ಟು ಬೇಗ ಬಗೆಹರಿಯುವಂಥದಲ್ಲ. ಮುಗಿಯದಿರುವುದು ಒಂದು ಗುಣವೇ? ಮುಗಿಸುವ ಹೊಣೆ ಯಾರದು?

ಇದುವರೆಗೆ ಸಂಗೀತವನ್ನು ಹೊತ್ತು ತಂದ ಯಂತ್ರಗಳಿಗೆಲ್ಲ ಒಂದು ಕೊನೆಯಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಮೊದಲ ಬಾರಿ ತಟ್ಟೆಗೆ ಹಾಡಿದಾಗ ಆಕೆಗೆ ದೊರೆತದ್ದು ಮೂರು ನಿಮಿಷದ ಆಸುಪಾಸು. ಗಂಟೆಗಟ್ಟಲೆ ಬೆಳೆಸಬಲ್ಲ ರಾಗವನ್ನು ಅಷ್ಟರೊಳಗೆ ಅಡಕಮಾಡಿ, ಕೊನೆಗೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿ ಆಕೆ ನಿಲ್ಲಿಸುತ್ತಿದ್ದಳು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ದೂರದ ಜರ್ಮನಿಯಲ್ಲಿ. ಅಲ್ಲಿಯ ಕೆಲಸಗಾರರಿಗೆ ಗುರುತು ಸಿಗಲೆಂದು ಈ ಏರ್ಪಾಡು. ನಮ್ಮ ದಾಸರೂ ಶರಣರೂ ಪದದ ಕೊನೆಗೆ ಅಂಕಿತವಿಟ್ಟು ನಿಲ್ಲಿಸಿದಂತೆ ಇದೂ ಒಂದು ಅಂಕಿತವೇ ಎಂದು ನನಗನ್ನಿಸುತ್ತದೆ. ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದ ಆಕೆ 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳು.

ರೇಡಿಯೋಕ್ಕೂ ಗಡಿಯಾರದ ಕಟ್ಟಿತ್ತು. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದರು; 1955ರ ನವೆಂಬರಿನಲ್ಲಿ ಬೆಂಗಳೂರಿನ ನಿಲಯ ಬಂತು. ವಿದ್ವಾಂಸರು ಎಷ್ಟೇ ದೊಡ್ಡವರಾದರೂ ಕೊಟ್ಟ ಹೊತ್ತಿನೊಳಗೆ ಮುಗಿಸಲೇಬೇಕಾಗಿತ್ತು; ಅನಂತರ ವಾರ್ತೆ. ಲಾಂಗ್ ಪ್ಲೇ ತಟ್ಟೆ ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಮುಗಿದು, ಎದ್ದು ಬಂದು ಮಗುಚಿಹಾಕೆಂದು ಕೇಳುತ್ತಿತ್ತು. ಕ್ಯಾಸೆಟ್ಟು ಟಕ್ಕೆಂದು ಸದ್ದು ಮಾಡಿ ನಿಲ್ಲುತ್ತಿತ್ತು. ಈ ಮಿತಿಗಳನ್ನು ಯಾರೂ ಧರ್ಮಬುದ್ಧಿಯಿಂದ ವಿಧಿಸಿದ್ದಲ್ಲ. ಅರಗಿನ ತಟ್ಟೆಯ ಅಗಲ, ಟೇಪಿನ ಉದ್ದ, ಸಿಬ್ಬಂದಿಯ ವೇಳಾಪಟ್ಟಿ ಇವುಗಳಿಂದ ತಾವಾಗಿ ಬಂದವು. ಆದರೆ ಅವು ಮಂಗಳದ ಕೆಲಸವನ್ನು ನಮಗೆ ತಿಳಿಯದಂತೆ ಮಾಡಿಕೊಡುತ್ತಿದ್ದವು. ಈಗ ತಟ್ಟೆಯೂ ಇಲ್ಲ, ಟೇಪೂ ಇಲ್ಲ, ಕೊನೆಯೂ ಇಲ್ಲ.

ಇಷ್ಟು ಹೇಳಿದೊಡನೆ ‘ಹಿಂದಿನದೆಲ್ಲ ಚೆನ್ನ, ಇಂದಿನದೆಲ್ಲ ಹಾಳು’ ಎಂಬ ಹಳೆಯ ಪಲ್ಲವಿಯನ್ನು ನಾನೂ ಹಿಡಿದೆನೆಂದು ಓದುಗರು ತಿಳಿಯಬಾರದು. ಹಿಂದಿನ ಮಿತಿಗಳು ಸಂಗೀತಕ್ಕೆ ಮಾತ್ರವಲ್ಲ, ಮನುಷ್ಯರಿಗೂ ಬೇಲಿ ಹಾಕಿದ್ದವು. ಅರಮನೆಯ ದರ್ಬಾರಿಗೆ ಯಾರು ಹೋಗಬಹುದಾಗಿತ್ತು? ಅಗ್ರಹಾರದ ಮನೆಯ ಜಗಲಿಯಲ್ಲಿ ನಡೆದ ಕಚೇರಿಯನ್ನು ಬೀದಿಯಲ್ಲಿ ನಿಂತು ಕೇಳಬೇಕಾದವರು ಯಾರು? ಮನೆಯ ಹೆಂಗಸರು ಒಲೆಯ ಮುಂದಿನಿಂದ ಎದ್ದು ಬರುವಷ್ಟರಲ್ಲಿ ಹಾಡಿನ ಎಷ್ಟು ಭಾಗ ಉಳಿದಿರುತ್ತಿತ್ತು? ಗ್ರಾಮಫೋನು ಈ ಬಾಗಿಲನ್ನು ಸ್ವಲ್ಪ ತೆರೆಯಿತು, ರೇಡಿಯೋ ಅರ್ಧ ತೆರೆಯಿತು, ಈ ಹೊಸ ಯಂತ್ರ ಬಾಗಿಲನ್ನೇ ಕಿತ್ತುಹಾಕಿದೆ. ಬೀದರಿನ ಹುಡುಗಿಯೂ ಕಾಸರಗೋಡಿನ ಹುಡುಗನೂ ಮಲ್ಲಿಕಾರ್ಜುನ ಮನಸೂರರನ್ನು ಯಾರ ಅಪ್ಪಣೆಯೂ ಇಲ್ಲದೆ ಕೇಳಬಹುದು. ಇದು ದೊಡ್ಡ ನ್ಯಾಯ. ಇದನ್ನು ಹಳಿಯುವುದು ಸಲ್ಲದು.

ಹೊರಗಿನವರು ಹಾಕುವ ಮಿತಿ ಎಷ್ಟು ಬಾಳುತ್ತದೆಂಬುದನ್ನೂ ನಾವು ನೋಡಿದ್ದೇವೆ. 1952ರಲ್ಲಿ ವಾರ್ತಾಖಾತೆಯ ಸಚಿವರಾದ ಬಿ.ವಿ. ಕೇಸ್ಕರರು ಶಾಸ್ತ್ರೀಯ ಸಂಗೀತಕ್ಕೆ ಬಹಳ ಮಾಡಿದವರು. ಜನರ ಅಭಿರುಚಿಯನ್ನು ತಿದ್ದಬೇಕೆಂದು ಆಕಾಶವಾಣಿಯಲ್ಲಿ ಚಿತ್ರಗೀತೆಗಳನ್ನು ಕಡಿಮೆಮಾಡಿಸಿದರು. ಜನರು ವಾದ ಮಾಡಲಿಲ್ಲ. ರೇಡಿಯೋದ ತಿರುಪನ್ನು ಸಿಲೋನಿಗೆ ತಿರುಗಿಸಿಕೊಂಡರು. ಕೊನೆಗೆ 1957ರಲ್ಲಿ ಸರ್ಕಾರವೇ ವಿವಿಧ ಭಾರತಿಯನ್ನು ಆರಂಭಿಸಬೇಕಾಯಿತು. ಒಳ್ಳೆಯದನ್ನು ಕಟ್ಟಳೆಯಿಂದ ಕೇಳಿಸಲು ಬರುವುದಿಲ್ಲವೆಂಬುದಕ್ಕೆ ಬೇರೆ ದೃಷ್ಟಾಂತ ಬೇಡ. ಆದುದರಿಂದ ಹಳೆಯ ಮಿತಿಗಳನ್ನು ಮರಳಿ ತರಬೇಕೆಂಬುದು ನನ್ನ ಮಾತಲ್ಲ. ಅವು ಹೋದ ಮೇಲೆ ಅವುಗಳ ಕೆಲಸವನ್ನು ಮಾಡುವವರು ಯಾರು ಎಂಬುದೇ ಪ್ರಶ್ನೆ.

ಯಾರೂ ಮಾಡಬೇಕಾಗಿಲ್ಲ, ಮುಗಿಯದಿದ್ದರೆ ನಷ್ಟವೇನು ಎಂದು ಕೇಳಬಹುದು. ಲೆಕ್ಕ ಹಾಕಿ ನೋಡೋಣ. ಆಪಲ್ ಸಂಸ್ಥೆ ತನ್ನ ಭಂಡಾರದಲ್ಲಿ 10 ಕೋಟಿ ಹಾಡುಗಳಾದವೆಂದು 2022ರಲ್ಲಿ ಪ್ರಕಟಿಸಿತು. ಒಂದಕ್ಕೆ ಮೂರೇ ನಿಮಿಷವೆಂದರೂ, ನಿದ್ದೆಯಿಲ್ಲದೆ ಹಗಲಿರುಳು ಕೇಳುವವನಿಗೆ ಸುಮಾರು 570 ವರ್ಷ ಬೇಕು. ದಿನಕ್ಕೆ ಎರಡು ಗಂಟೆಯಂತೆ ನಲವತ್ತು ವರ್ಷ ಬಿಡದೆ ಕೇಳಿದ ರಸಿಕನಿಗೆ ದೊರೆಯುವುದು 29,200 ಗಂಟೆ. ಆ ರಾಶಿಯಲ್ಲಿ ಇದು ಒಂದು ಬೊಗಸೆಯೂ ಅಲ್ಲ. ಮೊದಲು ಮಿತಿಯಿದ್ದದ್ದು ತಟ್ಟೆಯಲ್ಲಿ. ನಮ್ಮ ಆಯುಷ್ಯದ ಮಿತಿ ಅದರ ಹಿಂದೆ ಅಡಗಿತ್ತು. ತಟ್ಟೆಯ ಮಿತಿ ಹೋದೊಡನೆ ನಮ್ಮದು ಎದುರಿಗೆ ಬಂದು ನಿಂತಿದೆ. ನನ್ನ ತಾಯಿಗೆ ಉಳಿದಿರುವ ಸಂಜೆಗಳು ಎಷ್ಟೆಂದು ನಾನು ಎಣಿಸಲಾರೆ. ಆದರೆ ಅವು ಎಣಿಕೆಗೆ ಸಿಕ್ಕುವಷ್ಟೇ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಒಂದು ಸಂಜೆಗೆ ಒಂದು ತೋಡಿಯನ್ನು ಆರಿಸಿಕೊಂಡರೆ, ಆ ಸಂಜೆ ಇನ್ನೆಂದೂ ಕಾಂಬೋಧಿಗೆ ದೊರೆಯುವುದಿಲ್ಲ. ತೋಡಿಯ ಬೆಲೆ ಇರುವುದು ಅದರಲ್ಲಿ. ‘ಮುಗಿಯದ ಸಂಗೀತ’ ಎಂಬ ಮಾತು ಕೇಳುವವನನ್ನೂ ಮುಗಿಯದವನೆಂದು ನಂಬಿಸುತ್ತದೆ. ಅದು ಸುಳ್ಳು. ಮಂಗಳ ಹಾಡುವುದೆಂದರೆ ಆ ಸುಳ್ಳನ್ನು ಸಭ್ಯವಾಗಿ ಅಲ್ಲಗಳೆಯುವುದು.

ಇಲ್ಲಿ ನನಗೆ ನೆರವಿಗೆ ಬರುವುದು ಸ್ಟ್ರೀಮರ್ ಅಲ್ಲ, ಪ್ರೀ ಆಂಪ್ಲಿಫೈಯರ್. ನಮ್ಮ ನೈಯಾಯಿಕರು ಮನಸ್ಸೆಂಬುದು ಇದೆಯೆನ್ನುವುದಕ್ಕೆ ಒಂದು ಸೊಗಸಾದ ಸಾಕ್ಷ್ಯ ಕೊಡುತ್ತಾರೆ. ಕಣ್ಣು, ಕಿವಿ, ಮೂಗು ಎಲ್ಲವೂ ಒಟ್ಟಿಗೇ ತೆರೆದಿದ್ದರೂ ಜ್ಞಾನಗಳು ಒಮ್ಮೆಗೇ ಹುಟ್ಟುವುದಿಲ್ಲ, ಒಂದಾದ ಮೇಲೊಂದು ಹುಟ್ಟುತ್ತವೆ. ಆದ್ದರಿಂದ ನಡುವೆ ಒಂದು ಸರದಿಗೆ ಒಂದನ್ನೇ ಬಿಡುವ ಮನಸ್ಸೆಂಬುದು ಇರಲೇಬೇಕು ಎಂಬುದು ಅವರ ವಾದ. ಪ್ರೀ ಆಂಪ್ಲಿಫೈಯರಿನ ಕೆಲಸವೂ ಇದೇ. ಬೆನ್ನಿಗೆ ಐದು ತಂತಿಗಳು ಬಂದು ಸೇರಿರಲಿ. ಮುಂದಕ್ಕೆ ಹೋಗುವುದು ಒಂದೇ. ಉಳಿದವುಗಳನ್ನು ಅದು ನಾಶಮಾಡುವುದಿಲ್ಲ, ಕಾಯಿಸುತ್ತದೆ. ತಾನಾಗಿ ಏನನ್ನೂ ಸೇರಿಸದಿರುವುದೇ ಒಳ್ಳೆಯ ಪ್ರೀ ಆಂಪ್ಲಿಫೈಯರಿನ ಲಕ್ಷಣವೆಂದು ಬಲ್ಲವರು ಹೇಳುತ್ತಾರೆ. ಆರಿಸುವುದು, ಹದಮಾಡುವುದು, ತಾನು ಮುಂದೆ ಬಾರದಿರುವುದು: ಇವು ಮನುಷ್ಯನಿಗೂ ಸಣ್ಣ ಗುಣಗಳಲ್ಲ.

ಹದದ ವಿಷಯವಾಗಿ ಇನ್ನೊಂದು ಮಾತು. ಎರಡು ಯಂತ್ರಗಳನ್ನು ಹೋಲಿಸುವಾಗ ಒಂದರ ದನಿ ತುಸು ಹೆಚ್ಚಾಗಿದ್ದರೂ ಸಾಕು, ಅದೇ ಹೆಚ್ಚು ಮಧುರವೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ದನಿ ಹೆಚ್ಚಾಗಿದೆಯೆಂಬುದು ಅದಕ್ಕೆ ತಿಳಿಯುವುದೇ ಇಲ್ಲ. ಆದುದರಿಂದ ಹೋಲಿಸುವ ಮುನ್ನ ಎರಡರ ದನಿಯನ್ನೂ ಸಮಮಾಡಬೇಕು. ಈ ನಿಯಮ ಸ್ಪೀಕರುಗಳಿಗಷ್ಟೇ ಅಲ್ಲ, ಸಭೆಗಳಿಗೂ ಸಲ್ಲುತ್ತದೆ. ಪಕ್ಕದ ಮನೆಯವರ ಮಾತೂ ಇದೆ. ಕೆಳಸ್ಥಾಯಿಯ ಸ್ವರಗಳು ಗೋಡೆಯನ್ನು ಸುಲಭವಾಗಿ ದಾಟುತ್ತವೆ, ಮೇಲಿನವು ಅಷ್ಟಾಗಿ ದಾಟವು. ಹೀಗಾಗಿ ನಮ್ಮ ಮನೆಯಲ್ಲಿ ಪೂರ್ಣ ಕಚೇರಿ ನಡೆಯುತ್ತಿದ್ದರೆ ನೆರೆಯವರ ಪಾಲಿಗೆ ಬರುವುದು ಮೃದಂಗದ ಎಡಗಡೆಯ ಗುಮುಕು ಮಾತ್ರ. ವಸತಿ ಪ್ರದೇಶಗಳಲ್ಲಿ ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಕಾನೂನು ಹೇಳುವ ಮೊದಲೇ ತಿರುಪನ್ನು ತಗ್ಗಿಸುವ ಕೈ ನಮ್ಮದಾಗಿದ್ದರೆ ಚೆನ್ನ.

ಹಾಗಾದರೆ ಒಂದೇ ಮನಸ್ಸಿನಿಂದ ಕಣ್ಣುಮುಚ್ಚಿ ಕೇಳುವುದೇ ಕೇಳುವುದೆಂದೂ, ಬಸ್ಸಿನಲ್ಲಿ ಕಿವಿಗೆ ಸಿಕ್ಕಿಸಿಕೊಂಡು ಕೇಳುವ ನನ್ನ ವಿದ್ಯಾರ್ಥಿಗಳು ಸಂಗೀತಕ್ಕೆ ಅಪಚಾರ ಮಾಡುತ್ತಿದ್ದಾರೆಂದೂ ಹೇಳಬೇಕೇ? ಹೇಳಲಾರೆ. ನಮ್ಮ ಹಳ್ಳಿಗಳಲ್ಲಿ ಹಾಡು ಯಾವಾಗಲೂ ಕೆಲಸದ ಜೊತೆಗಾತಿಯಾಗಿಯೇ ಇತ್ತು. ರಾಗಿ ಬೀಸುವಾಗ, ನಾಟಿ ಹಾಕುವಾಗ, ತೊಟ್ಟಿಲು ತೂಗುವಾಗ ಹಾಡಿದವರಿಗೆ ಕಣ್ಣುಮುಚ್ಚಿ ಕೂರುವ ಬಿಡುವು ಎಲ್ಲಿತ್ತು? ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ರಾಗಿ ಮುಗಿದರೆ ಹಾಡೂ ಮುಗಿಯುತ್ತಿತ್ತು. ಮಗು ಮಲಗಿದರೆ ಜೋಗುಳ ನಿಲ್ಲುತ್ತಿತ್ತು. ಕೆಲಸವೇ ಅಲ್ಲಿ ಮಂಗಳ ಹಾಡುತ್ತಿತ್ತು. ಬಸ್ಸಿನಲ್ಲಿ ಕೇಳುವ ಹುಡುಗ ತನ್ನ ನಿಲ್ದಾಣದಲ್ಲಿ ಇಳಿಯುವಾಗ ಅದನ್ನು ಕಿತ್ತಿಟ್ಟು ಎದುರಿಗಿದ್ದವರನ್ನು ಮಾತನಾಡಿಸಿದರೆ ಅವನ ಕೇಳ್ಮೆಗೆ ದೋಷವೇನೂ ಇಲ್ಲ. ಇಳಿದ ಮೇಲೂ, ಊಟಕ್ಕೆ ಕುಳಿತ ಮೇಲೂ, ಹಾಸಿಗೆಗೆ ಬಿದ್ದ ಮೇಲೂ ಅದು ಕಿವಿಯಲ್ಲಿಯೇ ಇದ್ದರೆ ಆಗ ಕೇಳುತ್ತಿರುವುದು ಅವನಲ್ಲ, ಕಿವಿ ಮಾತ್ರ.

ಕೇಳುವುದೂ ಕೇಳಿದ್ದನ್ನು ತನ್ನದಾಗಿ ಮಾಡಿಕೊಳ್ಳುವುದೂ ಬೇರೆಬೇರೆ. ಹಸು ಮೇಯುವಾಗ ಮೆಲುಕು ಹಾಕುವುದಿಲ್ಲ. ಮೇದು, ನೆರಳಿಗೆ ಬಂದು ಮಲಗಿ, ಆಮೇಲೆ ಮೆಲುಕು ಹಾಕುತ್ತದೆ. ಹಾಲಾಗುವುದು ಆ ಬಿಡುವಿನಿಂದ. ರಸದ ಅನುಭವಕ್ಕೆ ಅಭಿನವಗುಪ್ತ ‘ಚರ್ವಣ’ ಎಂಬ ಮಾತನ್ನೇ ಬಳಸಿದ್ದಾನೆ. ಕಚೇರಿ ಮುಗಿದು ಮನೆಗೆ ನಡೆದು ಬರುವ ದಾರಿಯಲ್ಲಿ, ತಟ್ಟೆ ನಿಂತು ಇನ್ನೊಂದನ್ನು ಹಾಕುವ ಮೊದಲಿನ ಆ ಮೌನದಲ್ಲಿ, ಕೇಳಿದ ಸಂಗತಿಗಳು ಒಳಗೆ ಮತ್ತೊಮ್ಮೆ ಹಾಡಿಕೊಳ್ಳುತ್ತಿದ್ದವು. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುವ ಯಂತ್ರ ಕದಿಯುವುದು ನಮ್ಮ ಹೊತ್ತನ್ನಲ್ಲ, ಈ ಬಿಡುವನ್ನು.

ಹಾಡಿದವರಿಗೆ ಸಲ್ಲಬೇಕಾದದ್ದೂ ಇದರಲ್ಲಿ ಸೇರಿದೆ. ಕೊನೆಯಿಲ್ಲದ ಕಡೆ ಅಂಕಿತವೂ ಇಲ್ಲ. ಈಗ ಹಾಡಿದವರು ಯಾರೆಂದು ಕೇಳಿದರೆ, ಎಷ್ಟೋ ಸಲ ಕೇಳುತ್ತಿರುವವರಿಗೇ ತಿಳಿದಿರುವುದಿಲ್ಲ. ಕೇಳುವವನಿಗೆ ಋಣವೊಂದಿದೆ ಎಂಬುದನ್ನು ಒಬ್ಬ ಕನ್ನಡ ನಾಡಿನ ಕೇಳುಗರು ಬಹು ದೊಡ್ಡದಾಗಿ ತೋರಿಸಿಕೊಟ್ಟರು. ರಷ್ಯವನ್ನು ಬಿಟ್ಟು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರ ವೃದ್ಧಾಪ್ಯದಲ್ಲಿ ಕಾಯಿಲೆಯಿಂದಲೂ ಕೊರತೆಯಿಂದಲೂ ನವೆಯುತ್ತಿದ್ದಾಗ, ಆತನ ಸಂಗೀತವನ್ನು ಮೆಚ್ಚಿದ್ದ ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ ಮೆಟ್ನರ್ ಸೊಸೈಟಿಗೆ ಹಣವೊದಗಿಸಿ ಆತನ ಕೃತಿಗಳನ್ನು ಆತನ ಕೈಯಿಂದಲೇ ನುಡಿಸಿ ತಟ್ಟೆಗಿಳಿಸುವಂತೆ ಮಾಡಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ; 1951ರಲ್ಲಿ ತೀರಿಕೊಂಡ. ಆ ಬೆರಳುಗಳ ನುಡಿ ಉಳಿದದ್ದು ಮೈಸೂರಿನ ಒಬ್ಬ ರಸಿಕರಿಂದ.

ನಾವೆಲ್ಲರೂ ಮಹಾರಾಜರಲ್ಲ. ಆದರೆ ಹಾಡಿದವರ ಹೆಸರನ್ನು ಓದಬಹುದು; ಪಕ್ಕವಾದ್ಯದವರ ಹೆಸರನ್ನೂ ಓದಬಹುದು. ಪೆಟ್ಟಿಗೆಗಳಿಗೆ ಸಾವಿರಗಟ್ಟಲೆ ಸುರಿಯುವವರು ವರ್ಷಕ್ಕೆ ನಾಲ್ಕು ಸಲ ಟಿಕೆಟ್ಟು ಕೊಂಡು ಸಭೆಯಲ್ಲಿ ಕೂರಬಹುದು. ನಮ್ಮ ಜೆ.ಪಿ. ನಗರದಲ್ಲೇ 2004ರಿಂದ ರಂಗಶಂಕರವಿದೆ. ನಾಟಕ ಆರಂಭವಾದ ಮೇಲೆ ಬಂದವರಿಗೆ ಅಲ್ಲಿ ಬಾಗಿಲು ತೆರೆಯುವುದಿಲ್ಲ. ಮೊದಮೊದಲು ಗೊಣಗಿದವರೂ ಈಗ ಹೊತ್ತಿಗೆ ಮುಂಚೆ ಬಂದು ಸರದಿಯಲ್ಲಿ ನಿಲ್ಲುತ್ತಾರೆ. ಆರಂಭವೆಂಬುದೊಂದು ಇದ್ದರೆ ತಾನೆ, ಅದಕ್ಕಾಗಿ ಮನೆಯಿಂದ ಬೇಗ ಹೊರಡಬೇಕೆನಿಸುವುದು? ಮನೆಯ ಯಂತ್ರಕ್ಕೆ ಬಾಗಿಲು ಹಾಕುವವರಿಲ್ಲ. ಆ ಕೆಲಸವೂ ಮಂಗಳದಂತೆಯೇ ನಮ್ಮ ಪಾಲಿಗೆ ಬಂದಿದೆ.

ಬಾಗಿಲುಗಳೆಲ್ಲ ತೆರೆದಿರುವ ಕಾಲದಲ್ಲಿ ಸಂಯಮವೆಂಬುದು ಬಡತನದ ಗುಣವಾಗಿ ಉಳಿಯುವುದಿಲ್ಲ. ಇಲ್ಲದವನು ಬಿಟ್ಟರೆ ಅದು ಬಿಟ್ಟದ್ದಲ್ಲ; ಇದ್ದವನು ಬಿಟ್ಟಾಗಲೇ ಅದು ತ್ಯಾಗವೋ ವಿವೇಕವೋ ಆಗುವುದು. ಆ ಅರ್ಥದಲ್ಲಿ ಈ ಯಂತ್ರ ನಮಗೆ ಹಿಂದೆ ಇರದಿದ್ದ ಒಂದು ಸ್ವಾತಂತ್ರ್ಯವನ್ನು ತಂದುಕೊಟ್ಟಿದೆ: ಸಾಕೆನ್ನುವ ಸ್ವಾತಂತ್ರ್ಯ. ಅದನ್ನು ಬಳಸಲು ಬೇರೆ ಉಪಕರಣ ಬೇಡ. ಮುಗಿಸಬೇಕಾದಾಗ ಪವರ್ ಆಂಪ್ಲಿಫೈಯರನ್ನು ಮೊದಲು ಆರಿಸಬೇಕು. ಆಮೇಲೆ ಪ್ರೀ ಆಂಪ್ಲಿಫೈಯರನ್ನು. ಎಲ್ಲಕ್ಕಿಂತ ಕೊನೆಗೆ ಸ್ಟ್ರೀಮರನ್ನು. ಹಾಗೆ ಮಾಡಿದರೆ ಗುದ್ದಿನ ಸದ್ದು ಬರುವುದಿಲ್ಲ.